ನಾಲಿಗೆ ಒಪ್ಪಿತು, ಕರುಳು ಒಪ್ಪಲಿಲ್ಲ



ಸಕ್ಕರೆಯ ಚರಿತ್ರೆಯನ್ನು ಬರೆದವರು ಬಹಳ ಮಂದಿ. ಸಕ್ಕರೆಯಲ್ಲದ ಸಿಹಿಯ ಚರಿತ್ರೆ ಅಷ್ಟು ಪ್ರಸಿದ್ಧವಲ್ಲ. ಆದರೆ ಇಂದು ನಿಮ್ಮಲ್ಲಿ ಅನೇಕರ ಜೇಬಿನಲ್ಲಿ ಪುಟ್ಟದೊಂದು ಡಬ್ಬಿ ಇರುತ್ತದೆ. ಕಾಫಿಯ ಲೋಟ ಮುಂದೆ ಬಂದ ಕೂಡಲೇ ಅದರಿಂದ ಒಂದು ಗುಳಿಗೆ ಟಪ್ಪೆಂದು ಉದುರುತ್ತದೆ. ಹಬ್ಬಕ್ಕೆ ಬರುವವರು ಕೈಯಲ್ಲಿ ಹಿಡಿದು ತರುವ ಪೆಟ್ಟಿಗೆಗಳ ಮೇಲೂ ‘ಶುಗರ್ ಫ್ರೀ’ ಎಂಬ ಅಕ್ಷರಗಳು ಹೊಳೆಯುತ್ತಿರುತ್ತವೆ. ಈ ಸಿಹಿಗೆ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ. ಅದನ್ನು ನಾನಿಲ್ಲಿ ಒಂದು ಅಂಗದ ಪಕ್ಷ ವಹಿಸಿ ಹೇಳಬಯಸುತ್ತೇನೆ. ಆ ಅಂಗ ನಾಲಿಗೆಯಲ್ಲ, ಕರುಳು. ಏಕೆಂದರೆ ಈ ಇತಿಹಾಸದುದ್ದಕ್ಕೂ ನಾಲಿಗೆಯ ಸಾಕ್ಷ್ಯವನ್ನು ಎಲ್ಲರೂ ಆದರದಿಂದ ಕೇಳಿದರು. ಕರುಳು ಹೇಳಿದ್ದನ್ನು ಮಾತ್ರ ಬಹುಕಾಲ ಯಾರೂ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಕಥೆ ಆರಂಭವಾಗುವುದು ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಐರಾ ರೆಮ್ಸೆನ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರ ಪ್ರಯೋಗಶಾಲೆ. ರಷ್ಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಓದಿದ ಕಾನ್‌ಸ್ಟಂಟೀನ್ ಫಾಲ್‌ಬರ್ಗ್ ಎಂಬಾತ ಅಲ್ಲಿ ಕಲ್ಲಿದ್ದಲಿನ ಡಾಂಬರಿನಿಂದ ದೊರೆಯುವ ರಾಸಾಯನಿಕಗಳ ಮೇಲೆ ಕೆಲಸ ಮಾಡುತ್ತಿದ್ದ. ಒಂದು ಸಂಜೆ ಕೈ ತೊಳೆಯುವುದನ್ನು ಮರೆತು ಊಟಕ್ಕೆ ಕುಳಿತನಂತೆ. ಬ್ರೆಡ್ಡು ವಿಪರೀತ ಸಿಹಿಯಾಗಿತ್ತು. ಬಾಯಿ ಒರೆಸಿಕೊಂಡ ಬಟ್ಟೆಯೂ ಸಿಹಿ, ಬೆರಳೂ ಸಿಹಿ! ಊಟ ಬಿಟ್ಟು ಪ್ರಯೋಗಶಾಲೆಗೆ ಓಡಿ, ಮೇಜಿನ ಮೇಲಿದ್ದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ರುಚಿ ನೋಡಿದ ಎಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಪ್ರಯೋಗಶಾಲೆಯಲ್ಲಿ ಯಾವುದನ್ನೂ ನೆಕ್ಕಬಾರದೆಂದು ನಿಮಗೆಲ್ಲ ವಿಜ್ಞಾನದ ಮೇಷ್ಟ್ರು ಎಷ್ಟು ಸಲ ಗದರಿದ್ದಾರೋ! ಆದರೆ ಸ್ಯಾಕರಿನ್ ಲೋಕಕ್ಕೆ ಬಂದದ್ದು ಹಾಗೆಯೇ. 1879ರಲ್ಲಿ ರೆಮ್ಸೆನ್ ಮತ್ತು ಫಾಲ್‌ಬರ್ಗ್ ಇಬ್ಬರ ಹೆಸರಿನಲ್ಲಿ ಇದರ ಪ್ರಬಂಧ ಪ್ರಕಟವಾಯಿತು. ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿಯಾದ ಈ ಬಿಳಿಯ ಪುಡಿಗೆ ಕೆಲವು ವರ್ಷಗಳ ಬಳಿಕ ಫಾಲ್‌ಬರ್ಗ್ ತನ್ನ ಕಡೆಯಿಂದ ಪೇಟೆಂಟ್ ಪಡೆದು, ಜರ್ಮನಿಯ ಮಾಗ್ಡೆಬರ್ಗ್ ಬಳಿ ಕಾರ್ಖಾನೆ ತೆರೆದು ಶ್ರೀಮಂತನಾದ. ಗುರುವಿಗೆ ದಕ್ಕಿದ್ದು ಕಹಿ ಮಾತ್ರ.

ಸ್ಯಾಕರಿನ್ನಿನ ಮೊದಲ ವೈರಿಗಳು ವೈದ್ಯರಲ್ಲ, ಸಕ್ಕರೆಯವರು. ಜರ್ಮನಿಯಲ್ಲಿ ಬೀಟ್‌ರೂಟ್ ಸಕ್ಕರೆಯ ಉದ್ಯಮ ಬಲವಾಗಿತ್ತು. ಅಗ್ಗದ ಈ ಪುಡಿಯಿಂದ ಅದಕ್ಕೆ ಪೆಟ್ಟು ಬೀಳಬಾರದೆಂದು 1902ರಲ್ಲಿ ಅಲ್ಲಿಯ ಸರ್ಕಾರ ಸ್ಯಾಕರಿನ್ನನ್ನು ಔಷಧದಂಗಡಿಗಳಿಗೆ ಸೀಮಿತಗೊಳಿಸಿತು. ಸ್ವಿಟ್ಜರ್ಲೆಂಡಿನಲ್ಲಿ ಅಂಥ ನಿರ್ಬಂಧವಿರಲಿಲ್ಲ. ಪರಿಣಾಮವಾಗಿ ಗಡಿಯುದ್ದಕ್ಕೂ ಸ್ಯಾಕರಿನ್ ಕಳ್ಳಸಾಗಣೆ ಒಂದು ಕಸುಬಾಗಿ ಬೆಳೆಯಿತು. ಚಿನ್ನವನ್ನು ಕದ್ದು ಸಾಗಿಸಿದ ಕಥೆಗಳನ್ನು ಕೇಳಿದ್ದೇವೆ. ಸಿಹಿಯನ್ನೂ ಕದ್ದು ಸಾಗಿಸಿದ ಕಾಲವೊಂದಿತ್ತು.

ಅಮೆರಿಕದಲ್ಲಿ ಮಾತ್ರ ಪ್ರಶ್ನೆ ಆರೋಗ್ಯದ ಹೆಸರಿನಲ್ಲೇ ಎದ್ದಿತು. ಅಲ್ಲಿ 1906ರಲ್ಲಿ ಆಹಾರ ಶುದ್ಧತೆಯ ಕಾನೂನು ಬಂದಿತ್ತು. ಅದರ ಹಿಂದಿನ ಶಕ್ತಿಯಾಗಿದ್ದ ಹಾರ್ವೆ ವೈಲಿ ಎಂಬ ಸರ್ಕಾರಿ ರಸಾಯನಶಾಸ್ತ್ರಜ್ಞ 1908ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಎದುರು, ಸ್ಯಾಕರಿನ್ ಹಾಕಿದ ಜೋಳವನ್ನು ಸಕ್ಕರೆಯದೆಂದು ತಿಂದವರೆಲ್ಲ ಮೋಸಹೋಗಿದ್ದಾರೆ, ಅದು ದೇಹಕ್ಕೆ ಹಾನಿಕರ ಎಂದುಬಿಟ್ಟ. ಅಧ್ಯಕ್ಷರ ವೈದ್ಯರು ಅವರಿಗೆ ಪ್ರತಿದಿನ ಕೊಡುತ್ತಿದ್ದುದು ಅದೇ ಸ್ಯಾಕರಿನ್! ಹಾನಿಕರವೆನ್ನುವವನು ಮೂರ್ಖನೆಂಬ ಅರ್ಥದ ಮಾತು ಅಧ್ಯಕ್ಷರ ಬಾಯಿಂದ ಬಂತು. ವೈಲಿಯ ತೀರ್ಮಾನಗಳನ್ನು ಪರಿಶೀಲಿಸಲು ಅವರು ತಜ್ಞರ ಮಂಡಳಿಯೊಂದನ್ನು ನೇಮಿಸಿದರು. ಅದರ ಮುಖ್ಯಸ್ಥರು ಯಾರೆಂದುಕೊಂಡಿರಿ? ಅದೇ ಐರಾ ರೆಮ್ಸೆನ್. ಆ ಮಂಡಳಿಯ ವರದಿಯನ್ನು ಆಧರಿಸಿ 1911ರಲ್ಲಿ ಹೊರಬಿದ್ದ ಸರ್ಕಾರಿ ತೀರ್ಮಾನದಲ್ಲಿ ಒಂದು ಮಾತಿದೆ: ದಿನಕ್ಕೆ 0.3 ಗ್ರಾಮಿಗಿಂತ ಹೆಚ್ಚು ಸ್ಯಾಕರಿನ್ನನ್ನು ದೀರ್ಘಕಾಲ ಸೇವಿಸಿದರೆ ಜೀರ್ಣಶಕ್ತಿ ಕೆಡುವ ಸಂಭವವಿದೆ ಎಂದು. ಆ ಪರಿಮಾಣದ ಲೆಕ್ಕ ಇಂದಿನ ವಿಜ್ಞಾನಕ್ಕೆ ಸರಿಹೊಂದುತ್ತದೆಯೇ ಎಂಬುದು ಬೇರೆ ವಿಚಾರ. ನನ್ನ ಗಮನ ಸೆಳೆದದ್ದು, ಜೀರ್ಣಾಂಗದ ಹೆಸರು ಅಲ್ಲಿ ಒಮ್ಮೆ ಬಂದುಹೋಯಿತೆಂಬುದು. ಆಮೇಲಿನ ದೊಡ್ಡ ವಿವಾದಗಳಲ್ಲಿ ಅದು ಮೂಲೆಗೆ ಸರಿಯಿತು.

ಎರಡು ಮಹಾಯುದ್ಧಗಳಲ್ಲಿ ಸಕ್ಕರೆಗೆ ತತ್ವಾರವಾದಾಗ ಸ್ಯಾಕರಿನ್ ಮನೆಮನೆಗೆ ನುಗ್ಗಿತು. ನಮ್ಮ ಬಾಲ್ಯದ ಜಾತ್ರೆಗಳಲ್ಲಿ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದ ಐಸ್‌ಕ್ಯಾಂಡಿಯವನ ಕೆಂಪು ಕಡ್ಡಿಯನ್ನು ನೆನೆಯಿರಿ. ಚೀಪಿ ಮುಗಿಸಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಸಣ್ಣಗೆ ಉಳಿಯುತ್ತಿದ್ದ ಕಹಿಗೆ ಹಿರಿಯರು ‘ಸ್ಯಾಕರಿನ್ ಹಾಕಿದ್ದಾನೆ’ ಎಂದು ಕಾರಣ ಹೇಳುತ್ತಿದ್ದರು.

ಬಳಿಕ ಬಂದ ಸಿಹಿಗಳಿಗೂ ನಾಲಿಗೆಯೇ ಜನ್ಮದಾತೆ. 1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಮೈಕೇಲ್ ಸ್ವೇಡಾ ಪ್ರಯೋಗದ ನಡುವೆ ಸೇದುತ್ತಿದ್ದ ಸಿಗರೇಟು ಸಿಹಿಯಾದದ್ದರಿಂದ ಸೈಕ್ಲಮೇಟ್ ಪತ್ತೆಯಾಯಿತು. 1965ರಲ್ಲಿ ಹೊಟ್ಟೆಹುಣ್ಣಿನ ಔಷಧವನ್ನು ಅರಸುತ್ತಿದ್ದ ಜೇಮ್ಸ್ ಶ್ಲಾಟರ್ ಕಾಗದ ಎತ್ತಲು ಬೆರಳು ನೆಕ್ಕಿಕೊಂಡಾಗ ಆಸ್ಪರ್ಟೇಮ್ ದೊರೆಯಿತು. 1976ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ನಮ್ಮ ದೇಶದ ಶಶಿಕಾಂತ ಫಡ್ನಿಸ್ ಅವರಿಗೆ ಮೇಲ್ವಿಚಾರಕರು ಒಂದು ವಸ್ತುವನ್ನು ‘ಟೆಸ್ಟ್’ ಮಾಡಲು ಹೇಳಿದರೆ, ಅವರಿಗೆ ಅದು ‘ಟೇಸ್ಟ್’ ಎಂದು ಕೇಳಿಸಿ ನಾಲಿಗೆಗೆ ಇಟ್ಟುಕೊಂಡರಂತೆ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾದ ಸುಕ್ರಲೋಸ್ ಹೀಗೆ ಬೆಳಕಿಗೆ ಬಂತು. ಇಂಗ್ಲಿಷಿನ ಉಚ್ಚಾರದಲ್ಲಿ ಸ್ವಲ್ಪ ತಪ್ಪಿದರೇನು ಎಂದು ನನ್ನೊಡನೆ ವಾದಿಸುತ್ತಿದ್ದ ಶಿಷ್ಯರು ಈಗ ಬೀಗಬಹುದು.

ಇವುಗಳ ಬಗ್ಗೆ ಜನ ಹೆದರಲಿಲ್ಲವೆಂದಲ್ಲ. ಆದರೆ ಹೆದರಿಕೆಯೆಲ್ಲ ಒಂದೇ ದಿಕ್ಕಿನದು. 1969ರಲ್ಲಿ ಇಲಿಗಳ ಮೂತ್ರಕೋಶದಲ್ಲಿ ಗಡ್ಡೆಗಳು ಕಂಡವೆಂದು ಅಮೆರಿಕ ಸೈಕ್ಲಮೇಟನ್ನು ನಿಷೇಧಿಸಿತು. 1977ರಲ್ಲಿ ಕೆನಡಾದಲ್ಲಿ ನಡೆದ ಇಲಿಗಳ ಅಧ್ಯಯನದಿಂದ ಸ್ಯಾಕರಿನ್ನಿಗೂ ಅದೇ ಗತಿ ಬರುವುದರಲ್ಲಿತ್ತು. ಅಮೆರಿಕದ ಮಧುಮೇಹಿಗಳು ಪ್ರತಿಭಟಿಸಿದ್ದರಿಂದ ನಿಷೇಧ ತಪ್ಪಿ, ಡಬ್ಬಿಯ ಮೇಲೆ ಎಚ್ಚರಿಕೆಯ ಬರಹ ಬಂತು. ಇಲಿಯ ದೇಹದಲ್ಲಿ ನಡೆದದ್ದು ಮನುಷ್ಯನಿಗೆ ಅನ್ವಯಿಸದೆಂದು ಮುಂದೆ ಮನದಟ್ಟಾಗಿ 2000ದಲ್ಲಿ ಆ ಬರಹವೂ ಹೋಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಆಸ್ಪರ್ಟೇಮನ್ನು ‘ಕ್ಯಾನ್ಸರ್ ತರುವ ಸಾಧ್ಯತೆ ಇರಬಹುದಾದ’ ವಸ್ತುಗಳ ಸಾಲಿಗೆ ಸೇರಿಸಿತು. ಅದೇ ವೇಳೆಗೆ ಇನ್ನೊಂದು ತಜ್ಞರ ಸಮಿತಿ, ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 40 ಮಿಲಿಗ್ರಾಂವರೆಗೆ ಸೇವಿಸಬಹುದೆಂಬ ಹಳೆಯ ಮಿತಿಯನ್ನು ಬದಲಿಸಲು ಕಾರಣವಿಲ್ಲವೆಂದಿತು. ಹೀಗೆ ನಾಲಿಗೆ ಕೇಳಿದ್ದು ‘ಸಿಹಿಯೇ?’ ಎಂದು, ವರ್ತಕ ಕೇಳಿದ್ದು ‘ಲಾಭವೇ?’ ಎಂದು, ಸರ್ಕಾರ ಕೇಳಿದ್ದು ‘ಕ್ಯಾನ್ಸರೇ?’ ಎಂದು. ಬೆಳಗಾದರೆ ಹೊಟ್ಟೆ ಹಿಡಿದುಕೊಂಡು ಕೂರುವವನ ಪ್ರಶ್ನೆ ಈ ಮೂರರಲ್ಲಿ ಯಾವುದೂ ಅಲ್ಲ.

ಆತನ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಸಕ್ಕರೆರಹಿತ ಸಿಹಿಯ ಇನ್ನೊಂದು ಕುಟುಂಬವನ್ನು ಪರಿಚಯ ಮಾಡಿಕೊಳ್ಳಬೇಕು. ಇದು ಸ್ಯಾಕರಿನ್ನಿಗಿಂತ ಹಿರಿಯ ಕುಟುಂಬ. ಆದರೆ ಸದ್ದಿಲ್ಲದ ಸ್ವಭಾವದ್ದು. 1872ರಲ್ಲಿ ಫ್ರಾನ್ಸಿನ ಕೃಷಿ ರಸಾಯನಶಾಸ್ತ್ರಜ್ಞ ಬೂಸಿಂಗೋ ಆ ಕಡೆಯ ಒಂದು ಕಾಡುಮರದ ಕೆಂಪು ಹಣ್ಣುಗಳ ರಸದಲ್ಲಿ ಒಂದು ಸಿಹಿ ವಸ್ತುವನ್ನು ಕಂಡ. ಮರದ ಲ್ಯಾಟಿನ್ ಹೆಸರು ಸೋರ್ಬಸ್. ವಸ್ತುವಿನ ಹೆಸರು ಸೋರ್ಬಿಟಾಲ್. ಮ್ಯಾನಿಟಾಲ್, ಝೈಲಿಟಾಲ್, ಮಾಲ್ಟಿಟಾಲ್, ಐಸೊಮಾಲ್ಟ್ ಇದರ ಸೋದರರು. ರಸಾಯನಶಾಸ್ತ್ರದಲ್ಲಿ ಇವಕ್ಕೆ ಪಾಲಿಯೋಲ್ ಎಂಬ ಸಾಮಾನ್ಯ ನಾಮ. ಸೇಬು, ಪೇರು, ಪ್ಲಮ್ ಹಣ್ಣುಗಳಲ್ಲಿ ಸೋರ್ಬಿಟಾಲ್, ಅಣಬೆ ಮತ್ತು ಹೂಕೋಸಿನಲ್ಲಿ ಮ್ಯಾನಿಟಾಲ್ ಪ್ರಕೃತಿಸಹಜವಾಗಿಯೇ ಇವೆ. ಕಾರ್ಖಾನೆಯಲ್ಲಿ ಸೋರ್ಬಿಟಾಲನ್ನು ಗ್ಲೂಕೋಸಿನಿಂದ ತಯಾರಿಸುತ್ತಾರೆ. ಆದುದರಿಂದ ಇವನ್ನು ಪೂರ್ತಿ ಕೃತಕವೆನ್ನುವಂತಿಲ್ಲ. ರಕ್ತದ ಸಕ್ಕರೆಯನ್ನು ಅಷ್ಟಾಗಿ ಏರಿಸುವುದಿಲ್ಲ, ಹಲ್ಲು ಹುಳುಕಾಗಿಸುವುದಿಲ್ಲ. ಇಷ್ಟು ಸದ್ಗುಣಗಳಿರುವವರನ್ನು ಯಾರು ತಾನೇ ಸಂಶಯಿಸುತ್ತಾರೆ?

ಈ ಎರಡು ಕುಟುಂಬಗಳ ನಡುವಿನ ಭೇದವನ್ನು ದಯವಿಟ್ಟು ನೆನಪಿಡಿ. ಈ ಬರಹದ ತಿರುಳು ಅದೇ. ಕಾಫಿಗೆ ಹಾಕುವ ಸ್ಯಾಕರಿನ್ ಅಥವಾ ಸುಕ್ರಲೋಸ್ ಮಿಲಿಗ್ರಾಂಗಳ ಲೆಕ್ಕದ್ದು. ಸೂಜಿಯ ಮೊನೆಯಷ್ಟಿದ್ದರೆ ಸಾಕು. ಸೋರ್ಬಿಟಾಲ್ ಹಾಗಲ್ಲ. ಅದರ ಸಿಹಿ ಸಕ್ಕರೆಯ ಸುಮಾರು ಅರವತ್ತು ಭಾಗ ಮಾತ್ರ. ಸಕ್ಕರೆ ತೆಗೆದಾಗ ಮಿಠಾಯಿಯಲ್ಲಿ ಖಾಲಿಯಾಗುವ ಜಾಗವನ್ನು ತುಂಬುವುದೂ ಅದರ ಕೆಲಸ. ಆದುದರಿಂದ ಅದು ಗ್ರಾಂಗಳ ಲೆಕ್ಕದಲ್ಲಿ ಒಳಹೋಗುತ್ತದೆ. ‘ಶುಗರ್ ಫ್ರೀ’ ಎಂಬ ಒಂದೇ ಹೆಸರಿನಡಿ ಇಬ್ಬರೂ ವಾಸಿಸುವುದರಿಂದ ಜನ ಒಬ್ಬನ ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತಾರೆ.

ಒಳಗೆ ಹೋದ ಮೇಲೆ ಏನಾಗುತ್ತದೆ? ಸಾಧಾರಣ ಸಕ್ಕರೆ ಸಣ್ಣ ಕರುಳಿನಲ್ಲಿ ಒಡೆದು ಬೇಗನೆ ರಕ್ತ ಸೇರಿಬಿಡುತ್ತದೆ. ಪಾಲಿಯೋಲ್‌ಗಳನ್ನು ಹೀರಿಕೊಳ್ಳಲು ಅಲ್ಲಿ ಅಂಥ ಸಿದ್ಧ ವ್ಯವಸ್ಥೆಯಿಲ್ಲ. ಅವು ನಿಧಾನವಾಗಿ, ಅರೆಬರೆಯಾಗಿ ಜಿನುಗುತ್ತವೆ. ಉಳಿದ ಭಾಗ ಉಪ್ಪು ಹಾಕಿದ ಸೌತೆಕಾಯಿ ನೀರು ಬಿಡುವ ತತ್ತ್ವದಲ್ಲೇ ಸುತ್ತಲಿನ ನೀರನ್ನು ಕರುಳಿನೊಳಕ್ಕೆ ಎಳೆದುಕೊಳ್ಳುತ್ತದೆ. ಆ ನೀರಿನೊಡನೆ ದೊಡ್ಡ ಕರುಳಿಗೆ ಇಳಿದರೆ ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಕಾದಿರುತ್ತವೆ. ರಾತ್ರಿಯಿಡೀ ಉಬ್ಬಿದ ದೋಸೆಯ ಹಿಟ್ಟು ನಿಮಗೆ ಗೊತ್ತು. ಹುದುಗುವಿಕೆ ನಡೆದು ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಉತ್ಪತ್ತಿಯಾಗುತ್ತವೆ. ನೀರು ಮತ್ತು ವಾಯು ಸೇರಿ ಕರುಳನ್ನು ಹಿಗ್ಗಿಸುತ್ತವೆ. ಪರಿಮಾಣ ಹೆಚ್ಚಿದರೆ ಯಾರಿಗೇ ಆಗಲಿ ಭೇದಿಯಾಗುತ್ತದೆ. ಇದೇ ಗುಣಕ್ಕಾಗಿ ಸೋರ್ಬಿಟಾಲನ್ನು ಮಲಬದ್ಧತೆಗೆ ಔಷಧವಾಗಿಯೂ ಕೊಡುವುದುಂಟು.

ಆದರೆ ಕೆಲವರಿಗೆ ಸ್ವಲ್ಪವೇ ಬಹಳವಾಗುತ್ತದೆ. ಅವರ ಕಾಯಿಲೆಗೆ ಇರಿಟಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐ.ಬಿ.ಎಸ್. ಎಂದು ಹೆಸರು, ನಾನು ಅದನ್ನು ‘ಕೆರಳುವ ಕರುಳು’ ಎನ್ನುತ್ತೇನೆ. ಇದಕ್ಕೂ ಒಂದು ಚರಿತ್ರೆಯಿದೆ. ಒಬ್ಬನೇ ಮನುಷ್ಯನಿಗೆ ಒಮ್ಮೆ ಮಲಬದ್ಧತೆ, ಇನ್ನೊಮ್ಮೆ ಭೇದಿ, ಇದು ಹೇಗೆ ಸಾಧ್ಯವೆಂದು 1849ರಲ್ಲಿಯೇ ಕಮಿಂಗ್ ಎಂಬ ವೈದ್ಯ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚರಿಪಟ್ಟಿದ್ದ. 1929ರಲ್ಲಿ ಅಮೆರಿಕದ ಜೋರ್ಡನ್ ಮತ್ತು ಕೀಫರ್ ‘ಕೆರಳುವ ದೊಡ್ಡ ಕರುಳು’ ಎಂಬರ್ಥದ ಶೀರ್ಷಿಕೆಯಡಿ ಪ್ರಬಂಧ ಬರೆದರು. 1962ರಲ್ಲಿ ಆಕ್ಸ್‌ಫರ್ಡಿನಲ್ಲಿ ಚೌಧರಿ ಮತ್ತು ಟ್ರೂಲವ್ 130 ರೋಗಿಗಳನ್ನು ಕೂಲಂಕಷವಾಗಿ ಪರಿಶೀಲಿಸಿದರು. 1978ರಲ್ಲಿ ಮ್ಯಾನಿಂಗ್ ಮತ್ತು ಸಂಗಡಿಗರು ಲಕ್ಷಣಗಳ ಮೇಲೆಯೇ ಇದನ್ನು ಗುರುತಿಸುವ ಪಟ್ಟಿಯೊಂದನ್ನು ಕೊಟ್ಟರು. ಆದರೂ ರೋಗಿಯ ಪಾಡು ಬದಲಾಗಲಿಲ್ಲ. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲ. ಎಕ್ಸ್‌ರೇಯಲ್ಲಿ ಏನೂ ಇಲ್ಲ. ನಳಿಗೆ ಹಾಕಿ ನೋಡಿದರೂ ಏನೂ ಇಲ್ಲ. ಏನೂ ಕಾಣದಿದ್ದಾಗ ‘ಎಲ್ಲ ಮನಸ್ಸಿನದು’ ಎಂಬ ತೀರ್ಪು ಸುಲಭವಾಗಿ ಹೊರಬೀಳುತ್ತಿತ್ತು.

ಈ ತೀರ್ಪಿಗೆ ಎದುರಾದ ಒಂದು ಸರಳ ಪ್ರಯೋಗವನ್ನು ಹೇಳಬೇಕು. 1973ರಲ್ಲಿ ಬ್ರಿಟನ್ನಿನ ರಿಚಿ ಎಂಬ ಸಂಶೋಧಕ ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ಪುಟ್ಟ ಬಲೂನನ್ನು ಇರಿಸಿ ಗಾಳಿ ತುಂಬಿದ. 60 ಮಿಲಿಲೀಟರಿನಷ್ಟು ಹಿಗ್ಗಿಸಿದಾಗ ಐ.ಬಿ.ಎಸ್. ಇಲ್ಲದವರಲ್ಲಿ ನೋವೆಂದವರು ನೂರಕ್ಕೆ ಆರು ಮಂದಿ, ಐ.ಬಿ.ಎಸ್. ಇದ್ದವರಲ್ಲಿ ನೂರಕ್ಕೆ ಐವತ್ತೈದು. ಅಂದರೆ ಗಾಳಿ ಒಂದೇ, ಹಿಗ್ಗುವಿಕೆ ಒಂದೇ. ನೋವು ಮಾತ್ರ ಬೇರೆ. ಅವರ ಕರುಳಿನ ನರಗಳು ನೋವಿನ ಸುದ್ದಿಯನ್ನು ಹೆಚ್ಚು ಗಟ್ಟಿಯಾಗಿ ಕೂಗಿ ಹೇಳುತ್ತವೆ. ಮನಸ್ಸಿನ ಒತ್ತಡ ಆ ಕೂಗನ್ನು ಇನ್ನಷ್ಟು ಹೆಚ್ಚಿಸಬಹುದು. ಆದರೆ ಕೂಗು ಸುಳ್ಳಲ್ಲ.

ಇದನ್ನೆಲ್ಲ ನಾನು ಓದಲು ಹೊರಟದ್ದು ಒಬ್ಬ ಸಹೋದ್ಯೋಗಿಯ ಕಾರಣದಿಂದ. ಹೆಸರು ಬೇಡ, ಅವರ ಬಳಿ ಗಣಿತ ಕಲಿತವರು ಗುರುತಿಸಿದರೂ ಸುಮ್ಮನಿರಿ. ಅವರಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಅದಕ್ಕೂ ಮೊದಲಿನಿಂದ ಆಗಾಗ ಕೈಕೊಡುವ ಹೊಟ್ಟೆ. ನಿವೃತ್ತಿಯ ನಂತರ ನಶ್ಯದ ಚಟ ಬಿಟ್ಟು, ಅದರ ಬದಲಿಗೆ ಸಕ್ಕರೆರಹಿತ ಪೆಪ್ಪರ್‌ಮಿಂಟನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ ಮಾಡಿಕೊಂಡರು. ಅಪ್ಪನಿಗೆ ಸಿಹಿ ಇಷ್ಟವೆಂದು ಪರದೇಶದ ಮಗ ಸಕ್ಕರೆರಹಿತ ಚಾಕಲೇಟನ್ನೂ ತಂದುಕೊಡುತ್ತಿದ್ದ. ಹೊಟ್ಟೆಯ ಕಾಟ ವಿಪರೀತವಾಯಿತು. ಮದುವೆಮನೆಗಳಿಗೆ ಹೋಗುವುದನ್ನು ಬಿಟ್ಟರು. ಬಸ್ಸಿನಲ್ಲಿ ಎರಡು ಗಂಟೆ ಕೂರುವುದೆಂದರೆ ಹೆದರಿಕೆ. ತಂಗಿಯ ಮೊಮ್ಮಗನ ಉಪನಯನಕ್ಕೂ ಹೋಗಲಿಲ್ಲ. ಅಲ್ಲಿಯವರು ಅದನ್ನು ಬೇರೆ ರೀತಿ ಭಾವಿಸಿದರು. ತೋರಿಸಿದ ಕಡೆಯಲ್ಲೆಲ್ಲ ಪರೀಕ್ಷೆ ಮಾಡಿ, ‘ಎಲ್ಲಾ ನಾರ್ಮಲ್ ಇದೆ, ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದು ಕಳುಹಿಸುತ್ತಿದ್ದರು. ಒಂದು ದಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, “ಮೇಷ್ಟ್ರೇ, ನಲವತ್ತು ವರ್ಷ ಲೆಕ್ಕ ಕಲಿಸಿದವನು ನಾನು. ಈಗ ನನ್ನ ಹೊಟ್ಟೆ ಸುಳ್ಳು ಹೇಳ್ತಿದೆ ಅಂತಾರೆ” ಎಂದರು. ನೋವಿಗಿಂತ ಆ ಅವಮಾನ ಅವರನ್ನು ಹೆಚ್ಚು ಸುಡುತ್ತಿತ್ತು.

ಕೊನೆಗೆ ಒಬ್ಬ ಚಿಕ್ಕವಯಸ್ಸಿನ ವೈದ್ಯೆ ಅವರಿಗೆ ಔಷಧ ಬರೆಯುವ ಮೊದಲು ಒಂದು ಕೆಲಸ ಕೊಟ್ಟಳು: ಎರಡು ವಾರ ತಿಂದದ್ದು, ಕುಡಿದದ್ದು, ಬಾಯಲ್ಲಿ ಇಟ್ಟುಕೊಂಡದ್ದು ಎಲ್ಲವನ್ನೂ ಬರೆಯಿರಿ ಎಂದು. ಗಣಿತದ ಮೇಷ್ಟ್ರು ಗೆರೆ ಎಳೆದು, ಕಾಲಂ ಹಾಕಿ, ವೇಳೆ ಸಹಿತ ಬರೆದರು. ದಿನಕ್ಕೆ ಹತ್ತು ಹನ್ನೆರಡು ಪೆಪ್ಪರ್‌ಮಿಂಟು, ರಾತ್ರಿ ನಾಲ್ಕು ತುಂಡು ಚಾಕಲೇಟು. ಅವುಗಳನ್ನು ಬಿಟ್ಟ ಕೆಲವು ವಾರಗಳಲ್ಲಿ ಕಾಟ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಪೂರ್ತಿ ವಾಸಿಯಾಯಿತೆಂದು ನಾನು ಹೇಳುವುದಿಲ್ಲ. ಆ ಕರುಳು ಈಗಲೂ ಕೆಲವು ದಿನ ಕೆರಳುತ್ತದೆ. ಆದರೆ ಅವರು ಮತ್ತೆ ಬಸ್ಸು ಹತ್ತಿದರು. ತಂಗಿಯ ಮನೆಗೂ ಹೋಗಿ ಬಂದರು.

ವೈದ್ಯಲೋಕಕ್ಕೆ ಇದು ಗೊತ್ತೇ ಇರಲಿಲ್ಲವೇ ಎಂದರೆ, ಗೊತ್ತಿತ್ತು, ಆದರೆ ಚದುರಿಹೋಗಿತ್ತು. 1966ರಲ್ಲಿಯೇ ಅಮೆರಿಕದ ಮಕ್ಕಳ ವೈದ್ಯೆ ಜಾಯ್ಸ್ ಗ್ರಿಬೋಸ್ಕಿ ಪಥ್ಯದ ಮಿಠಾಯಿಗಳಿಂದ ಭೇದಿಯಾಗುವುದನ್ನು ವರದಿ ಮಾಡಿದ್ದರು. 1983ರಲ್ಲಿ ಜೆಫ್ರಿ ಹೈಯಮ್ಸ್ ಆರೋಗ್ಯವಂತ ಸ್ವಯಂಸೇವಕರಿಗೆ ಸೋರ್ಬಿಟಾಲ್ ಕೊಟ್ಟು, ಅವರ ಉಸಿರಿನಲ್ಲಿ ಹೈಡ್ರೋಜನ್ ಎಷ್ಟು ಬರುತ್ತದೆಂದು ಅಳೆದರು. ಹತ್ತು ಗ್ರಾಮಿಗೆ ವಾಯು, ಹೊಟ್ಟೆಯುಬ್ಬರ; ಇಪ್ಪತ್ತು ಗ್ರಾಮಿಗೆ ಸೆಳೆತ, ಭೇದಿ. 2008ರಲ್ಲಿ ಬರ್ಲಿನ್ನಿನ ಷಾರಿಟೆ ಆಸ್ಪತ್ರೆಯ ವೈದ್ಯರು ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ರೋಗಿಗಳ ಕಥೆ ಪ್ರಕಟಿಸಿದರು. 21 ವರ್ಷದ ಯುವತಿಯೊಬ್ಬಳು ತಿಂಗಳುಗಟ್ಟಲೆ ಭೇದಿಯಿಂದ ನರಳಿ 11 ಕಿಲೋ ತೂಕ ಕಳೆದುಕೊಂಡಿದ್ದಳು; 46 ವರ್ಷದ ಪುರುಷನೊಬ್ಬ 22 ಕಿಲೋ. ಪರೀಕ್ಷೆಗಳಲ್ಲಿ ಕಾರಣ ಸಿಗಲಿಲ್ಲ. ಆಹಾರದ ವಿವರ ಕೆದಕಿದಾಗ ಇಬ್ಬರೂ ದಿನವಿಡೀ ಸಕ್ಕರೆರಹಿತ ಚ್ಯೂಯಿಂಗ್ ಗಮ್ ಅಗಿಯುತ್ತಿದ್ದುದು ಹೊರಬಿತ್ತು. ಒಂದೊಂದು ಗಮ್ಮಿನಲ್ಲಿ ಇದ್ದದ್ದು ಸುಮಾರು ಒಂದೂಕಾಲು ಗ್ರಾಂ ಸೋರ್ಬಿಟಾಲ್. ಆದರೆ ಹನಿಹನಿ ಕೂಡಿದರೆ ಹಳ್ಳವಲ್ಲವೇ? ದಿನದ ಲೆಕ್ಕ 20ರಿಂದ 30 ಗ್ರಾಮಿನ ಆಸುಪಾಸಿಗೆ ಮುಟ್ಟಿತ್ತು. ಗಮ್ ಬಿಟ್ಟರು, ಭೇದಿ ನಿಂತಿತು, ತೂಕ ಮರಳಿತು.

ಚದುರಿದ ಈ ಅರಿವನ್ನು ಒಂದು ಸೂತ್ರಕ್ಕೆ ತಂದವರು ಆಸ್ಟ್ರೇಲಿಯಾದ ಮೆಲ್ಬರ್ನಿನ ಪೀಟರ್ ಗಿಬ್ಸನ್ ಮತ್ತು ಸೂಸನ್ ಶೆಫರ್ಡ್. ಸರಿಯಾಗಿ ಹೀರಲ್ಪಡದೆ ದೊಡ್ಡ ಕರುಳಿನಲ್ಲಿ ಹುದುಗುವ ಸಣ್ಣ ಶರ್ಕರಗಳಿಗೆಲ್ಲ 2005ರಲ್ಲಿ ಅವರು ಫಾಡ್‌ಮ್ಯಾಪ್ ಎಂಬ ಹೆಸರಿಟ್ಟರು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು ಇವುಗಳಲ್ಲಿರುವ ಕೆಲವು ಅಂಶಗಳು ಆ ಪಟ್ಟಿಗೆ ಸೇರುತ್ತವೆ. ಹೆಸರಿನ ಕೊನೆಯಲ್ಲಿರುವ ‘ಪ’ಕಾರವೇ ನಮ್ಮ ಪಾಲಿಯೋಲ್. ಮುಂದೆ 2014ರಲ್ಲಿ ಮೊನಾಷ್ ವಿಶ್ವವಿದ್ಯಾಲಯದವರು ಐ.ಬಿ.ಎಸ್. ಇದ್ದವರಿಗೂ ಆರೋಗ್ಯವಂತರಿಗೂ ಹತ್ತು ಗ್ರಾಂ ಸೋರ್ಬಿಟಾಲ್ ಅಥವಾ ಮ್ಯಾನಿಟಾಲ್ ಕೊಟ್ಟು ನೋಡಿದರು. ಆರೋಗ್ಯವಂತರು ತೊಂದರೆಯಿಲ್ಲದೆ ಅರಗಿಸಿಕೊಂಡರು, ಐ.ಬಿ.ಎಸ್.ನವರಲ್ಲಿ ಲಕ್ಷಣಗಳು ಹೆಚ್ಚಿದವು. ವಿಶೇಷವೆಂದರೆ, ವಸ್ತು ಸರಿಯಾಗಿ ಹೀರಲ್ಪಟ್ಟಿದೆಯೆಂದು ಉಸಿರಿನ ಪರೀಕ್ಷೆ ಹೇಳಿದವರಲ್ಲಿಯೂ ತೊಂದರೆ ಕಾಣಿಸಿತು. ಯಂತ್ರ ಸರಿಯಿದೆ ಎಂದಾಗಲೂ ಕರುಳು ಸರಿಯಿಲ್ಲ ಎನ್ನಬಹುದೆಂಬುದು ಇದರಿಂದ ಸ್ಪಷ್ಟವಾಯಿತು.

ಹಾಗಾದರೆ ಮೊದಲ ಕುಟುಂಬ, ಅಂದರೆ ಸ್ಯಾಕರಿನ್, ಆಸ್ಪರ್ಟೇಮ್, ಸುಕ್ರಲೋಸ್ ನಿರ್ದೋಷಿಗಳೇ? ಫಾಡ್‌ಮ್ಯಾಪ್ ಪಟ್ಟಿಯಲ್ಲಿ ಇವಿಲ್ಲ. ಆಸ್ಪರ್ಟೇಮ್ ಸಣ್ಣ ಕರುಳಿನಲ್ಲಿಯೇ ಪೂರ್ತಿ ಒಡೆದುಹೋಗುತ್ತದೆ. ಸ್ಯಾಕರಿನ್ ಬಹುಪಾಲು ಹೀರಲ್ಪಟ್ಟು ಮೂತ್ರದಲ್ಲಿ ಹೊರಹೋಗುತ್ತದೆ. ಸುಕ್ರಲೋಸಿನ ಬಹುಪಾಲು ಬಂದ ಹಾಗೆಯೇ ಮಲದಲ್ಲಿ ಹೋಗುತ್ತದೆ. ನೀರು ಎಳೆಯುವಷ್ಟು ಪರಿಮಾಣ ಯಾವುದಕ್ಕೂ ಇಲ್ಲ. ಆದರೆ ಕರುಳಿನ ಬ್ಯಾಕ್ಟೀರಿಯಾಗಳ ಸಮಾಜವನ್ನು ಇವು ಕದಡಬಲ್ಲವು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2014ರಲ್ಲಿ ಮುಖ್ಯವಾಗಿ ಇಲಿಗಳಲ್ಲಿ, 2022ರಲ್ಲಿ 120 ಆರೋಗ್ಯವಂತ ಮನುಷ್ಯರಲ್ಲಿ ಇದನ್ನು ಪರೀಕ್ಷಿಸಿದರು. ಸ್ಯಾಕರಿನ್ ಮತ್ತು ಸುಕ್ರಲೋಸ್ ಸೇವಿಸಿದವರಲ್ಲಿ ರಕ್ತದ ಸಕ್ಕರೆಯ ಹತೋಟಿಯಲ್ಲಿ ವ್ಯತ್ಯಾಸ ಕಂಡಿತು. ಅದು ಎಲ್ಲರಲ್ಲೂ ಒಂದೇ ರೀತಿಯಾಗಿರಲಿಲ್ಲ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತೂಕ ಇಳಿಸಲು ಇಂಥ ಸಿಹಿಕಾರಕಗಳನ್ನು ನೆಚ್ಚಬೇಡಿರೆಂದು ಸಲಹೆ ಮಾಡಿತು. ಈಗಾಗಲೇ ಮಧುಮೇಹವಿರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತು. ಇನ್ನೊಂದು ಸಂಗತಿ: ಆ ಸಲಹೆಯ ವ್ಯಾಪ್ತಿಯಲ್ಲಿ ಪಾಲಿಯೋಲ್‌ಗಳು ಸೇರಿಯೇ ಇಲ್ಲ. ಸದ್ದಿಲ್ಲದ ಕುಟುಂಬ ಮತ್ತೊಮ್ಮೆ ಸದ್ದಿಲ್ಲದೆ ದಾಟಿಕೊಂಡಿತು.

ಇಲ್ಲಿಯ ವಿಪರ್ಯಾಸವನ್ನು ಗಮನಿಸಿ. ಕೆರಳುವ ಕರುಳಿಗೆ ಸಾಧಾರಣ ಸಕ್ಕರೆ ಮಿತವಾಗಿದ್ದರೆ ಅಂಥ ಶತ್ರುವೇನಲ್ಲ. ರಕ್ತಕ್ಕೆ ಅದು ಶತ್ರು. ರಕ್ತಕ್ಕೆ ಮಿತ್ರನಾದ ಸೋರ್ಬಿಟಾಲ್ ಕರುಳಿಗೆ ಶತ್ರು. ಎರಡೂ ಕಾಯಿಲೆಗಳಿರುವ ನಮ್ಮ ಮೇಷ್ಟ್ರಂಥವರು ಅತ್ತ ದರಿ ಇತ್ತ ಪುಲಿ ಎಂಬಂತೆ ನಿಲ್ಲುತ್ತಾರೆ. ಅವರಿಗೆ ಬೇಕಾದದ್ದು ‘ಶುಗರ್ ಫ್ರೀ’ ಎಂಬ ದೊಡ್ಡ ಅಕ್ಷರವಲ್ಲ, ಹಿಂಬದಿಯ ಸಣ್ಣ ಅಕ್ಷರ. ಪಾಲಿಯೋಲ್ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚಿರುವ ತಿನಿಸಿನ ಮೇಲೆ, ಅದು ಭೇದಿ ಉಂಟುಮಾಡಬಹುದೆಂದು ಬರೆಯಬೇಕೆಂಬ ನಿಯಮ ನಮ್ಮ ದೇಶದಲ್ಲಿಯೂ ಇದೆ. ಬರಹ ಸಾಸಿವೆಕಾಳಿನಷ್ಟು ಚಿಕ್ಕದಾಗಿದ್ದು ಇಂಗ್ಲಿಷಿನಲ್ಲಿದ್ದರೆ ನಮ್ಮ ವಯಸ್ಸಿನವರಿಗೆ ಅದು ಇದ್ದೂ ಇಲ್ಲದಂತೆ.

ಆದುದರಿಂದ ಒಂದು ಸುಲಭೋಪಾಯ ಹೇಳುತ್ತೇನೆ. ಪೊಟ್ಟಣದ ಹಿಂದೆ ಸಂಖ್ಯೆಗಳಿರುತ್ತವೆ. ಮ್ಯಾನಿಟಾಲ್ 421, ಐಸೊಮಾಲ್ಟ್ 953, ಮಾಲ್ಟಿಟಾಲ್ 965, ಝೈಲಿಟಾಲ್ 967. ಸೋರ್ಬಿಟಾಲಿನ ಸಂಖ್ಯೆಯನ್ನು ನೀವು ಮರೆಯುವುದೇ ಸಾಧ್ಯವಿಲ್ಲ: ಅದು 420! ವಂಚನೆಯ ಆ ಹಳೆಯ ಕಲಂ 2024ರಿಂದ ಹೊಸ ಸಂಹಿತೆಯಲ್ಲಿ ಬೇರೆ ಸಂಖ್ಯೆ ಪಡೆದಿದ್ದರೂ ನಮ್ಮ ಬಾಯಲ್ಲಿ ‘ಫೋರ್ ಟ್ವೆಂಟಿ’ ಇನ್ನೂ ಫೋರ್ ಟ್ವೆಂಟಿಯೇ. ಪಾಪ, ಸೋರ್ಬಿಟಾಲ್ ವಂಚಕನಲ್ಲ. ಬಹಳ ಜನರಿಗೆ ಅದರಿಂದ ಕೇಡಿಲ್ಲ. ಆದರೆ ಕರುಳು ಕೆರಳುವವರು ಅದನ್ನು ಕಂಡಾಗ ಒಂದು ಕ್ಷಣ ನಿಲ್ಲಲಿ. ಕೆಮ್ಮಿನ ಸಿರಪ್ಪಿನಂಥ ದ್ರವರೂಪದ ಔಷಧಗಳಲ್ಲಿಯೂ ಅದು ಇರುವುದುಂಟು. ಔಷಧ ಕುಡಿದ ದಿನಗಳಲ್ಲಿಯೇ ಹೊಟ್ಟೆ ಕೆಟ್ಟರೆ ವೈದ್ಯರಿಗೆ ಹೇಳಿ, ನೀವಾಗಿಯೇ ಔಷಧ ನಿಲ್ಲಿಸಬೇಡಿ.

ಮೇಷ್ಟ್ರ ಬುದ್ಧಿ ನಿವೃತ್ತಿಯಾದರೂ ಹೋಗದು. ಮನೆಗೆಲಸ ಕೊಡದೆ ಮುಗಿಸಲಾರೆ. ನಿಮಗೋ ನಿಮ್ಮ ಮನೆಯ ಹಿರಿಯರಿಗೋ ಈ ಬಗೆಯ ಹೊಟ್ಟೆಯ ತೊಂದರೆಯಿದ್ದರೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದನ್ನೂ ಹೊಟ್ಟೆ ಹೇಳಿದ್ದನ್ನೂ ಬರೆದಿಡಿ. ಬಾಯಲ್ಲಿ ಚೀಪಿದ್ದನ್ನು ಬಿಡಬೇಡಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಲ್ಲಿ ಯಾವುದಿದ್ದರೂ ನೋಟ್‌ಬುಕ್ಕಿಗೆ ಕಾಯದೆ ವೈದ್ಯರಲ್ಲಿಗೆ ಹೋಗಿ. ಮತ್ತು ಮನೆಯಲ್ಲಿ ಯಾರಾದರೂ ‘ಹೊಟ್ಟೆ ಸರಿಯಿಲ್ಲ, ಮದುವೆಗೆ ಬರಲಾರೆ’ ಎಂದರೆ, ನೆಪ ಹೇಳುತ್ತಿದ್ದಾರೆ ಎಂದುಕೊಳ್ಳುವ ಮೊದಲು ಅವರ ಜೇಬಿನಲ್ಲಿ ಏನಿದೆಯೆಂದು ಪ್ರೀತಿಯಿಂದ ವಿಚಾರಿಸಿ.